ಸೀಲ್ ನೋಡಲು ಹೋದ ಭಾನುವಾರಗಳು

ಸೀಲ್ ನೋಡಲು ಹೋದವರಿಗೆ ಸೀಲ್‌ಗಿಂತ ಉಳಿದದ್ದೇ ಹೆಚ್ಚು ಕಾಣುತ್ತದೆ ಎನ್ನುವುದು ನನ್ನ ಹತ್ತು ವರ್ಷದ ಅನುಭವ. ಸುಮ್ಮನೆ ಹೋಗಿ, ಸುಮ್ಮನೆ ಕೂತು, ಸುಮ್ಮನೆ ಬರಬೇಕೆಂದುಕೊಂಡೇ ಹೊರಡುತ್ತೇನೆ. ಆದರೆ ಒಂದಲ್ಲ ಒಂದು ಆಗಿಯೇ ತೀರುತ್ತದೆ. ನನ್ನ ಹಣೆಯ ಮೇಲೆ ಬರೆಯುವಾಗ ಬ್ರಹ್ಮನಿಗೆ 'ಸುಮ್ಮನೆ' ಎನ್ನುವ ಪದ ಹೊಳೆಯಲಿಲ್ಲವೆಂದು ಕಾಣುತ್ತದೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಧಾರವಾಡದವಳು. ತೊಂಬತ್ತರ ದಶಕದ ನಡುವಿನಲ್ಲಿ ಲಂಡನ್ನಿನ ಕ್ರೋಯ್ಡನ್ ಕಡೆಯ ಒಂದು ಆಸ್ಪತ್ರೆಗೆ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಬಂದೆ. ಮದುವೆಯಾಗಿಲ್ಲ. ಯಾಕಾಗಿಲ್ಲ ಎಂದು ಕೇಳುವವರು ಇಲ್ಲಿಯೂ ಸಿಗುತ್ತಾರೆ, ಆದರೆ ಅಲ್ಲಿಗಿಂತ ಕಡಿಮೆ. ದಿನಕ್ಕೆ ನಲವತ್ತು ಜನ ನನ್ನ ಮುಂದೆ ಬಂದು ನಿಲ್ಲುತ್ತಾರೆ. ಉಸಿರು ಹಿಡಿಯಿರಿ, ಅಲ್ಲಾಡಬೇಡಿ, ಈಗ ಉಸಿರು ಬಿಡಿ. ಇಷ್ಟೇ ಮಾತು. ಅದನ್ನೂ ನಾನು ಗೋಡೆಯ ಹಿಂದೆ ಹೋಗಿ ನಿಂತು ಹೇಳಬೇಕು. ಎಲ್ಲರ ಎಲುಬೂ ನನಗೆ ಗೊತ್ತು, ಯಾರ ಮುಖವೂ ನೆನಪಿರುವುದಿಲ್ಲ. ಅವರಿಗೂ ನನ್ನದು ನೆನಪಿರುವುದಿಲ್ಲ.

ವಾರದ ದಿನಗಳು ಹೇಗೋ ಕಳೆಯುತ್ತವೆ, ಭಾನುವಾರ ಮಾತ್ರ ಜಗ್ಗುವುದಿಲ್ಲ. ಒಂದು ಸೋಮವಾರ ಬೆಳಿಗ್ಗೆ ಯೋಚಿಸಿ ನೋಡಿದೆ. ಶುಕ್ರವಾರ ಸಂಜೆಯಿಂದ ಅಲ್ಲಿಯವರೆಗೆ ನಾನು ಬಾಯಿಬಿಟ್ಟು ಆಡಿದ್ದು ಒಂದೇ ಮಾತು. ನೆಲದಡಿ ಓಡುವ ಟ್ಯೂಬ್ ರೈಲಿನಲ್ಲಿ ಒಬ್ಬ ನನ್ನ ಕಾಲು ತುಳಿದಿದ್ದ, ನಾನು ಅವನಿಗೆ ಸಾರಿ ಅಂದಿದ್ದೆ.

ಅದೇ ವಾರ ಪಕ್ಕೆಲುಬು ಮುರಿದುಕೊಂಡು ಬಂದ ಮುದಿ ಮೀನುಗಾರನೊಬ್ಬ ಸೀಲ್‌ಗಳ ವಿಷಯ ಹೇಳಿದ. ನಾಯಿಯಂಥ ಮುಖ, ಮೀಸೆ, ಕೈಕಾಲಿನ ಜಾಗದಲ್ಲಿ ಈಜುರೆಕ್ಕೆ, ತಣ್ಣೀರಿನ ಸಮುದ್ರದ ಪ್ರಾಣಿ. "ಅವು ನೀರಿನಿಂದ ತಲೆ ಎತ್ತಿ ನಿಮ್ಮ ಮುಖವನ್ನೇ ನೋಡ್ತವೆ," ಎಂದ. "ಬಹಳ ಹೊತ್ತು ನೋಡ್ತವೆ." ಲಂಡನ್ನಿನ ಟ್ಯೂಬಿನಲ್ಲಿ ಎದುರಿಗೆ ಕೂತವರು ನಮ್ಮ ಮುಖ ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಾರೆ. ನನ್ನ ಮುಖ ನೋಡುವವರು ಎಲ್ಲೋ ಇದ್ದಾರೆಂದರೆ ಎರಡು ರೈಲು ಬದಲಿಸಿ ಹೋಗಲಿಕ್ಕೂ ಅಡ್ಡಿಯಿಲ್ಲ ಎನ್ನಿಸಿತು.

೧. ಬೆಂಚಿನ ಮೇಲೆ

ಮೊದಲ ಸಲ ಹೋದದ್ದು ನವೆಂಬರಿನಲ್ಲಿ, ಕೆಂಟ್ ಕಡಲತೀರಕ್ಕೆ. ಯಾರನ್ನೋ ಭೇಟಿಯಾಗಲು ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟು, ಮೇಲೆ ಉದ್ದನೆಯ ಕೋಟು ಹಾಕಿಕೊಂಡಿದ್ದೆ. ತೀರದಲ್ಲಿ ಒಂದು ಬೆಂಚು, ಮುಂದೆ ಬೂದು ನೀರು, ಅದರಾಚೆ ಮರಳದಿಬ್ಬ. ನೀರಿಳಿದಾಗ ಸೀಲ್‌ಗಳು ಆ ದಿಬ್ಬದ ಮೇಲೆ ಬಂದು ಮಲಗುತ್ತವೆ ಎಂದು ಮೀನುಗಾರ ಹೇಳಿದ್ದ. ನಾನು ನೀರನ್ನೇ ನೋಡುತ್ತ ಕೂತೆ.

ಒಂದು ಗಂಟೆಯಾದ ಮೇಲೆ ನಾಯಿ ಹಿಡಿದುಕೊಂಡ ಮುದುಕರೊಬ್ಬರು ಹಾದುಹೋದರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರು. ಮತ್ತೊಮ್ಮೆ ಹಾದುಹೋದರು. ಮೂರನೆಯ ಸಲ ಬರುವಾಗ ಹೆಂಡತಿಯನ್ನು ಕರೆತಂದಿದ್ದರು, ಆಕೆಯ ಕೈಯಲ್ಲಿ ಚಹಾದ ಫ್ಲಾಸ್ಕ್ ಇತ್ತು. ಒಬ್ಬರು ನನ್ನ ಎಡಕ್ಕೆ, ಒಬ್ಬರು ಬಲಕ್ಕೆ, ನಾನು ಏಳಲು ಬಾರದ ಹಾಗೆ ಕೂತರು.

"ಚಳಿ ಜಾಸ್ತಿ ಅಲ್ವಾ," ಎಂದರು ಆಕೆ.

"ಹೌದು," ಎಂದೆ.

"ನಿಮಗೆ ಯಾರಾದರೂ ಇದ್ದಾರಾ, ಮಾತಾಡೋಕೆ?"

ಈ ದೇಶಕ್ಕೆ ಬಂದಾಗಿನಿಂದ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು. ಉತ್ತರ ಹುಡುಕಲು ಸ್ವಲ್ಪ ತಡವಾಯಿತು. ಆ ತಡವೇ ಮುಳುವಾಯಿತು. ಆಕೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಾನು ಸೀಲ್ ನೋಡಲು ಕಾಯ್ತಾ ಇದೀನಿ," ಎಂದೆ.

ಇಬ್ಬರೂ ನನ್ನ ತಲೆಯ ಹಿಂದಿನಿಂದ ಮುಖ ಮುಖ ನೋಡಿಕೊಂಡರು. "ಅದಕ್ಕೇ ಬಂದಿರ್ತೀರಿ, ಅನುಮಾನವೇ ಇಲ್ಲ," ಎಂದರು ಮುದುಕರು, ಮಕ್ಕಳಿಗೆ ಹೇಳುವ ದನಿಯಲ್ಲಿ. ಆಮೇಲೆ ತಾವು ನಿವೃತ್ತರಾದ ಹೊಸದರಲ್ಲಿ ಹೀಗೇ ನೀರು ನೋಡುತ್ತ ಕೂರುತ್ತಿದ್ದದ್ದು, ಒಂದು ದಿನ ಎದ್ದು ಮನೆಗೆ ಹೋಗಿ ಬಿಸಿ ಸೂಪು ಕುಡಿದದ್ದು, ಅಲ್ಲಿಂದ ಬದುಕು ಸುಧಾರಿಸಿದ್ದು ಎಲ್ಲ ಹೇಳಿದರು. ಆಗ ನನಗೆ ಅರ್ಥವಾಯಿತು. ನಾನು ನೀರಿಗೆ ಬೀಳಲು ಬಂದವಳಲ್ಲ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ. ಚಹಾ ಬಿಸಿಯಾಗಿತ್ತು, ಆಕೆಯ ಕೈಯೂ ಬೆಚ್ಚಗಿತ್ತು.

ಅಷ್ಟರಲ್ಲಿ ನೀರಿನಲ್ಲಿ ಮೂರು ತಲೆಗಳು ಎದ್ದವು. ನಾನು ತಟಕ್ಕನೆ ಎದ್ದು ನಿಂತೆ. ಇಬ್ಬರೂ ಎರಡು ಕಡೆಯಿಂದ ನನ್ನ ಕೋಟು ಹಿಡಿದರು. "ಅಲ್ಲಿ ನೋಡಿ, ಮೂರಿವೆ," ಎಂದೆ. ಮುದುಕರು ಆ ಕಡೆ ತಿರುಗಲೂ ಇಲ್ಲ. "ಇವೆ, ಇವೆ. ನೀವು ಮೊದಲು ಕೂತ್ಕೊಳ್ಳಿ," ಎಂದರು.

ಸ್ಟೇಷನ್ನಿನವರೆಗೆ ಬಂದು, ರೈಲು ಹತ್ತಿಸಿ, ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದುಕೊಟ್ಟರು. "ಇನ್ನೊಮ್ಮೆ ಸೀಲ್ ನೋಡಬೇಕು ಅನ್ನಿಸಿದರೆ," ಎಂದರು ಆಕೆ, "ದಯವಿಟ್ಟು ಮೊದಲು ನಮಗೊಂದು ಫೋನ್ ಮಾಡಿ."

೨. ಹದಿಮೂರು ಜನ ಮತ್ತು ರಾಹು

ಈ ಕಥೆಯನ್ನು ಒಂದು ಯುಗಾದಿಯ ಊಟದಲ್ಲಿ ವೈನಿಗೆ ಹೇಳಿದೆ. ವೈನಿ ಬೆಳಗಾವಿಯವರು, ಯಾರ ಅಣ್ಣನ ಹೆಂಡತಿಯೂ ಅಲ್ಲ, ಆದರೆ ಕ್ರೋಯ್ಡನ್ನಿನ ಕನ್ನಡದವರಿಗೆಲ್ಲ ವೈನಿ. ಅವರು ನಗಲಿಲ್ಲ. "ಒಬ್ಬಾಕೀನ ಸಮುದ್ರಕ್ಕ ಹೋಗ್ತಾರೇನವಾ? ನಾವೆಲ್ಲ ಬರ್ತೀವಿ ತಡಿ," ಎಂದರು. ಜೂನ್ ತಿಂಗಳಿಗೆ ಹದಿಮೂರು ಜನ ಹೊರಟರು. ರೊಟ್ಟಿ, ಶೇಂಗಾ ಚಟ್ನಿ, ಪುಳಿಯೋಗರೆ, ಅವಲಕ್ಕಿ, ಮೊಸರನ್ನ, ಕ್ರಿಕೆಟ್ ಬ್ಯಾಟು. ಸಮುದ್ರ ನೋಡುವ ದುರ್ಬೀನು ತಂದವಳು ನಾನೊಬ್ಬಳೇ.

ಮರಳದಿಬ್ಬದ ಸೀಲ್ ತೋರಿಸಲು ಒಯ್ಯುವ ದೋಣಿ ಹೊರಡುವುದು ನೀರಿನ ಇಳಿತ ನೋಡಿಕೊಂಡು. ಆ ಭಾನುವಾರ ಸಂಜೆ ನಾಲ್ಕೂಮುಕ್ಕಾಲಿಗೆ ಎಂದು ಹಲಗೆಯ ಮೇಲೆ ಬರೆದಿತ್ತು. ನಾನು ಎಲ್ಲರಿಗಿಂತ ಮೊದಲು ಹತ್ತಿ ಕೂತೆ. ಆಗ ನಮ್ಮ ಜೊತೆ ಬಂದಿದ್ದ ಪಿನ್ನರ್‌ನ ಡಾಕ್ಟರ ತಾಯಿ, ಮೈಸೂರಿನ ಅಜ್ಜಿ, ದಡದಲ್ಲೇ ನಿಂತುಬಿಟ್ಟರು. "ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ನೀರಿನ ಮೇಲೆ ಹೋಗೋದು ಬೇರೆ. ಇಳಿದು ಬಾಮ್ಮ."

ಎಜ್‌ವೇರ್‌ನಿಂದ ಬಂದಿದ್ದ ಕಲಬುರಗಿಯ ಎಂಜಿನಿಯರಿಗೆ ಇದು ಸರಿಬರಲಿಲ್ಲ. "ಅಜ್ಜಿ, ರಾಹುಕಾಲ ಸೂರ್ಯಂದ್ ಮ್ಯಾಲ ಹೋಗ್ತದ್ರಿ. ಇಲ್ಲಿ ಸೂರ್ಯ ಮುಳುಗೋದು ಒಂಬತ್ತೂಕಾಲಿಗೆ. ಹಗಲನ್ನ ಎಂಟು ಭಾಗ ಮಾಡ್ರಿ, ಕಡೀ ಭಾಗ ರಾಹುಂದು. ಅಂದ್ರ ಏಳರ ಮ್ಯಾಲ ಶುರು. ಈಗ ಏನೂ ಇಲ್ಲ."

"ಎಪ್ಪತ್ತು ವರ್ಷದಿಂದ ನಾನು ನಾಲ್ಕೂವರೆ ಅಂತಲೇ ನೋಡ್ಕೊಂಡು ಬಂದಿದೀನಿ. ರಾಹು ಏನು ಊರೂರಿಗೆ ಟೈಮ್ ಬದಲಾಯಿಸ್ಕೊಂಡು ಓಡಾಡ್ತಾನಾ?"

"ಹಂಗಂದ್ರ ನಮ್ಮೂರಿನ ನಾಲ್ಕೂವರೆ ಅಂದ್ರ ಇಲ್ಲಿ ಮಧ್ಯಾಹ್ನ ಹನ್ನೆರಡು," ಎಂದರು ವೈನಿ. "ಅದು ರೈಲಿನ್ಯಾಗ ಅವಲಕ್ಕಿ ತಿನ್ನೂ ಮುಂದನ ಬಂದು ಹೋತಲ್ಲ."

ದೋಣಿಯವನು ಹತ್ತು ನಿಮಿಷ ಕಾದ. ಏನು ಸಮಸ್ಯೆ ಎಂದು ನನ್ನನ್ನು ಕೇಳಿದ. ಗ್ರಹದ ಸಮಸ್ಯೆ ಎಂದೆ. ಅವನು ಆಕಾಶ ನೋಡಿ, ಮೋಡವಿಲ್ಲವಲ್ಲ ಎಂದ. ಅಜ್ಜಿ ಮತ್ತೆ ಕರೆದರು. ಹಿರಿಯರ ಮಾತು ಮೀರಲಾಗದೆ ಇಳಿದೆ. ಉಳಿದ ಇಂಗ್ಲಿಷ್ ಜನ ಕೈ ಬೀಸುತ್ತ ಹೋದರು. ನಮ್ಮವರು ಚಾದರ ಹಾಸಿ, ಡಬ್ಬಿ ಬಿಚ್ಚಿ, ರಾಹುವಿನ ಲೆಕ್ಕ ಮುಂದುವರಿಸಿದರು. ಹದಿಮೂರು ಜನರ ನಡುವೆ ಕೂತಿದ್ದೆ, ಸಮುದ್ರದ ಕಡೆ ಮುಖ ಮಾಡಿದವಳು ನಾನೊಬ್ಬಳೇ. ಜೊತೆಗೆ ಜನ ಬಂದ ಮಾತ್ರಕ್ಕೆ ಒಂಟಿತನ ಹೋಗುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಏಳೂಕಾಲಿಗೆ ವಾಪಸು ರೈಲು ಬಂತು. ಅಜ್ಜಿ ಎಂಜಿನಿಯರ ಕೈಗಡಿಯಾರ ನೋಡಿ, "ಈಗ ನಿಮ್ಮ ಲೆಕ್ಕದ ರಾಹುಕಾಲ ಅಲ್ವೇನಪ್ಪಾ?" ಎಂದರು. ಅವರು ಹತ್ತಲು ಎತ್ತಿದ ಕಾಲನ್ನು ಕೆಳಗಿಟ್ಟರು. ಆ ರೈಲೂ ನಮ್ಮನ್ನು ಬಿಟ್ಟು ಹೋಯಿತು.

೩. ತಜ್ಞರ ಅಭಿಪ್ರಾಯ

ಒಂದು ಸಲ ಫೋಟೋ ತೆಗೆದುಕೊಂಡು ಬಂದೆ. ಬೂದು ನೀರು, ಬೂದು ಮರಳು, ಅದರ ಮೇಲೆ ಬೂದು ಬಣ್ಣದ ಸೀಲ್. ಆಸ್ಪತ್ರೆಯಲ್ಲಿ ಯಾರಾದರೂ ಭಾನುವಾರ ಹೇಗಿತ್ತು ಎಂದು ಕೇಳಿದರೆ ತೋರಿಸಬೇಕೆಂದು ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಯಾರೂ ಕೇಳಲಿಲ್ಲ. ನಾಲ್ಕನೆಯ ದಿನ ನಾನೇ ಎಕ್ಸ್‌ರೇ ಓದುವ ದೊಡ್ಡ ಡಾಕ್ಟರ ಕೈಗೆ ಕೊಟ್ಟೆ.

ಅವರು ಅಭ್ಯಾಸಬಲದಿಂದ ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಎಡಗಡೆ ಕೆಳಗೆ ಒಂದು ಸಣ್ಣ ಗಂಟು ಕಾಣ್ತಿದೆ," ಎಂದರು. "ಗಾಬರಿಯಾಗೋಂಥದ್ದಲ್ಲ. ಆರು ತಿಂಗಳು ಬಿಟ್ಟು ಇನ್ನೊಂದು ತೆಗೆದು ನೋಡೋಣ."

೪. ನೋಡುವ ಶಾಸ್ತ್ರ

ಹೊಸ ಶತಮಾನ ಬಂತು, ಕ್ರೋಯ್ಡನ್ನಿಗೆ ಟ್ರಾಮ್ ಬಂತು, ನನಗೆ ನಲವತ್ತು ಹತ್ತಿರ ಬಂತು. ವೈನಿ ಒಂದು ದಿನ ಫೋನ್ ಮಾಡಿ, "ಎಜ್‌ವೇರ್‌ದಾಗ ಒಬ್ಬಾಂವ ಬೆಂಗಳೂರಿನ ಹುಡುಗ ಇದ್ದಾನವಾ, ಕಂಪ್ಯೂಟರ್ ಕೆಲಸ. ಅವಗೂ ಸೀಲ್ ಅಂದ್ರ ಪ್ರಾಣ. ಅವರವ್ವಾನೂ ಬಂದಾರ. ಎಲ್ಲಾರೂ ಕೂಡಿ ಹೋಗೋಣು," ಎಂದರು. ನನ್ನ ಹಾಗೆ ಸೀಲ್ ಹುಚ್ಚು ಇರುವವರು ಒಬ್ಬರಾದರೂ ಸಿಕ್ಕರಲ್ಲ ಎಂದು ಖುಷಿಯಾಯಿತು. ರಾಹುವಿನ ತಂಟೆ ಬೇಡವೆಂದು ಈ ಸಲ ಶನಿವಾರ ನೋಡಿಯೇ ಹೊರಟೆವು.

ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ವೈನಿ ಚೀಲದಿಂದ ಮಲ್ಲಿಗೆ ಮಾಲೆ ತೆಗೆದು ನನ್ನ ಜಡೆಗೆ ಮುಡಿಸಿದಾಗ ಅನುಮಾನ ಬಂತು. ಹುಡುಗನಿಗೆ ನಲವತ್ತೆರಡು, ಮುಂದಲೆ ಖಾಲಿ. ಸೀಲ್ ಎಲ್ಲಿ ಇರುತ್ತವೆ ಎಂದು ಕೇಳಿದೆ. "ಮೃಗಾಲಯದಲ್ಲಿ?" ಎಂದರು. ಅನುಮಾನ ನಿಜವಾಯಿತು.

ಆದರೆ ಮನುಷ್ಯ ಒಳ್ಳೆಯವರು. ದೋಣಿ ಹೊರಡುವ ಮುಂಚೆ ಮೆಲ್ಲಗೆ, "ನಾನು ಭಾನುವಾರ ಏನ್ಮಾಡ್ತೀನಿ ಗೊತ್ತಾ? ಎಜ್‌ವೇರ್‌ನಲ್ಲಿ ಟ್ಯೂಬ್ ಹತ್ತಿ ಆ ತುದಿಯವರೆಗೂ ಹೋಗಿ, ಅದೇ ಟ್ಯೂಬಲ್ಲಿ ವಾಪಸ್ ಬರ್ತೀನಿ. ಜನ ಮಾತಾಡೋದು ಕೇಳಿಸುತ್ತೆ," ಎಂದರು. ಅದನ್ನು ಕೇಳಿ ನನಗೆ ಸಂಕಟವಾಯಿತು. ದೋಣಿ ಹೊರಟ ಐದು ನಿಮಿಷಕ್ಕೆ ಅವರ ಹೊಟ್ಟೆಯಲ್ಲಿ ಬೇರೆ ಸಂಕಟ ಶುರುವಾಗಿ, ಅವರು ದೋಣಿಯ ಅಂಚಿಗೆ ಬಗ್ಗಿದರು. ಬಗ್ಗಿದವರು ಎದ್ದದ್ದು ವಾಪಸು ದಡಕ್ಕೆ ಬಂದಾಗ.

ತಾಯಿ ಒಂದು ಕೈಯಲ್ಲಿ ಮಗನ ಬೆನ್ನು ಸವರುತ್ತ, ಶಾಸ್ತ್ರ ನಿಲ್ಲಿಸಲಿಲ್ಲ. ಅಡುಗೆ ಬರುತ್ತಾ, ಗೋತ್ರ ಯಾವುದು, ಕೆಲಸ ಬಿಡ್ತೀಯಾ. ಕೊನೆಗೆ, "ಒಂದು ಹಾಡು ಹೇಳಮ್ಮ," ಎಂದರು. ದೋಣಿಯವನು ಎಂಜಿನ್ ನಿಲ್ಲಿಸಿದ್ದ. ಚಿಕ್ಕಂದಿನಲ್ಲಿ ಕಲಿತ ದೇವರನಾಮ ಶುರು ಮಾಡಿದೆ. ಎರಡನೆಯ ಚರಣಕ್ಕೆ ನೀರಿನಿಂದ ಒಂದು ತಲೆ ಎದ್ದಿತು, ಆಮೇಲೆ ಇನ್ನೊಂದು, ಹೀಗೆ ಒಂದರ ಹಿಂದೆ ಒಂದು. ಮೀಸೆಯಿಂದ ನೀರು ತೊಟ್ಟಿಕ್ಕುತ್ತ, ದೊಡ್ಡ ಕಪ್ಪು ಕಣ್ಣು ಬಿಟ್ಟುಕೊಂಡು, ಒಂದೂ ಅಲ್ಲಾಡದೆ ನನ್ನನ್ನೇ ನೋಡಿದವು. "ನಿಲ್ಲಿಸಬೇಡಿ, ಹಾಡಿ," ಎಂದ ದೋಣಿಯವನು. ಮೂರು ದೇವರನಾಮ ಹಾಡಿದೆ. ನನ್ನನ್ನು ನೋಡಲು ಬಂದವರು ಇಬ್ಬರು, ನೋಡಿದವು ಹನ್ನೊಂದು.

ಮರುವಾರ ವೈನಿ ಸುದ್ದಿ ತಂದರು. "ಅವರವ್ವಗ ನೀ ಮನಸ್ಸಿಗೆ ಬಂದಿದ್ದೆವಾ. ಹುಡುಗ ಬ್ಯಾಡ ಅಂದನಂತ. ಆಕಿ ನನ್ನ ಮುಖ ಒಮ್ಮೆನೂ ನೋಡಲಿಲ್ಲ ಅಂದನಂತ."

ನೋಡಲು ಅವರ ಮುಖ ದೋಣಿಯ ಒಳಗೆ ಎಲ್ಲಿತ್ತು?

೫. ಕೂಸು ನೋಡಲು ಹೋದದ್ದು

ಚಳಿಗಾಲದಲ್ಲಿ ನಾರ್ಫೋಕ್ ತೀರದ ಮರಳಿನ ಮೇಲೆ ಸೀಲ್‌ಗಳು ಮರಿ ಹಾಕುತ್ತವೆ. ಕ್ರೋಯ್ಡನ್ನಿನಿಂದ ಒಂದು ದಿನದ ಪ್ರವಾಸದ ಕೋಚ್ ಬಸ್ಸು ಇತ್ತು, ಹೋಗುವವರೆಲ್ಲ ನಿವೃತ್ತರು. ಎರಡು ಸಾವಿರದ ಆರರ ಡಿಸೆಂಬರ್ ಭಾನುವಾರ ವೈನಿಯೂ ಬಂದರು. ಅವರ ಮಕ್ಕಳು ಓದಲು ಹೊರಗೆ ಹೋಗಿದ್ದರು, ಯಜಮಾನರು ಟಿವಿಯ ಮುಂದಿನಿಂದ ಏಳುತ್ತಿರಲಿಲ್ಲ. ಅವರ ಚೀಲ ಉಬ್ಬಿತ್ತು. ಏನೆಂದು ಕೇಳಿದೆ.

"ಕೂಸು ನೋಡ್ಲಿಕ್ಕೆ ಹೊಂಟೀವಿ. ಬರಿಗೈಲೆ ಹೋಗಬಾರದು," ಎಂದು ತೆಗೆದು ತೋರಿಸಿದರು. ನೆತ್ತಿಯಿಂದ ಬೆನ್ನಿನವರೆಗೆ ಇಳಿಬೀಳುವ, ಕೂಸಿಗೆ ತೊಡಿಸುವ ಕುಂಚಿಗೆ. ಹಸಿರು ಖಣದ ಬಟ್ಟೆಯದು, ಕೈಯಲ್ಲೇ ಹೊಲಿದದ್ದು. ಜೊತೆಗೆ ಒಂದು ಪೊಟ್ಟಣದಲ್ಲಿ ಕಲ್ಲುಪ್ಪು, ಬ್ಯಾಡಗಿ ಮೆಣಸಿನಕಾಯಿ.

ಬೇಲಿಯ ಆಚೆ ಬಿಳಿ ಮರಿಯೊಂದು ಒಂಟಿಯಾಗಿ ಬಿದ್ದುಕೊಂಡು ಅಳುತ್ತಿತ್ತು. ಕಾವಲಿಗೆ ನಿಂತ ಹಳದಿ ಕೋಟಿನ ಸ್ವಯಂಸೇವಕ ವಿವರಿಸಿದ. ತಾಯಿ ಮೂರು ವಾರ ಹಾಲು ಕುಡಿಸಿ ಸಮುದ್ರಕ್ಕೆ ಹೊರಟುಹೋಗುತ್ತಾಳೆ, ಮತ್ತೆ ಬರುವುದಿಲ್ಲ. ನಾನು ಕನ್ನಡದಲ್ಲಿ ಹೇಳಿದೆ.

"ಆಮ್ಯಾಲ?" ಎಂದರು ವೈನಿ.

"ಹಸಿವಾದಾಗ ತಾನೇ ನೀರಿಗೆ ಇಳೀತದಂತ."

"ಹೇಳಿಕೊಡೋರು ಯಾರೂ ಇರೂದಿಲ್ಲಾ?"

"ಇಲ್ಲಂತ್ರಿ."

ವೈನಿ ಮರಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ನೀ ಇಲ್ಲೆ ಬಂದು ಎಷ್ಟು ವರ್ಷಾತು?" ಎಂದು ಕೇಳಿದರು. ಹನ್ನೊಂದು ಎಂದೆ. ಅವರು ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ಬೇಲಿಯ ಈಚೆಯಿಂದಲೇ ಮರಿಗೆ ಮೂರು ಸಲ ನಿವಾಳಿಸಿದರು. ಹಳದಿ ಕೋಟಿನವನು ಓಡಿಬಂದು, ಪ್ರಾಣಿಗಳಿಗೆ ಆಹಾರ ಹಾಕುವಂತಿಲ್ಲ ಎಂದ.

"ಇದು ಆಹಾರ ಅಲ್ಲ," ಎಂದೆ. "ನಮ್ಮಲ್ಲಿ ಇದು ಲಸಿಕೆ ಇದ್ದ ಹಾಗೆ. ದೂರದಿಂದಲೇ ಕೊಡ್ತೀವಿ."

ಅವನು ಯೋಚಿಸಿ, ದೂರದಿಂದಾದರೆ ಅಡ್ಡಿಯಿಲ್ಲ ಎಂದ. ಕುಂಚಿಗೆಯನ್ನು ಮಾತ್ರ ಮರಿಗೆ ತೊಡಿಸಲು ಒಪ್ಪದೆ, ತನ್ನ ಕಾವಲು ಗುಡಿಸಲಿನ ಮೊಳೆಗೆ ತೂಗುಹಾಕಿಕೊಂಡ.

ವೈನಿ ಹೊಸದಾಗಿ ಒಂದು ಮುಷ್ಟಿ ತೆಗೆದು, "ಇಲ್ಲೆ ನಿಂದ್ರು, ಕಣ್ಣು ಮುಚ್ಚು," ಎಂದು ನನಗೇ ನಿವಾಳಿಸಿದರು. ಅಷ್ಟು ಜನರ ಎದುರಿಗೆ. ತಲೆಯಿಂದ ಕಾಲಿನವರೆಗೆ ಮೂರು ಸಲ, ಕಂಡವರ ಕಣ್ಣು, ಕಾಣದವರ ಕಣ್ಣು ಎಂದು ಗೊಣಗುತ್ತ. ಅವ್ವ ಹೋದ ಮೇಲೆ ನನಗಾಗಿ ಯಾರೂ ಹಾಗೆ ಕೈಯೆತ್ತಿರಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಬಂತು. ಮೆಣಸಿನಕಾಯಿಯ ಗಾಳಿ ಎಂದುಕೊಂಡೆ.

ಕಣ್ಣು ಬಿಟ್ಟರೆ ನನ್ನ ಹಿಂದೆ ನಮ್ಮ ಕೋಚಿನ ಅಜ್ಜಿಯೊಬ್ಬರು ಟೋಪಿ ತೆಗೆದು ನಿಂತಿದ್ದರು. ನನಗೂ ಮಾಡಬಹುದಾ ಎಂದು ಕೇಳಿದರು. ಅವರ ಹಿಂದೆ ಇನ್ನೊಬ್ಬರು. ನೋಡುತ್ತ ನೋಡುತ್ತ ಒಂಬತ್ತು ಜನರ ಸಾಲಾಯಿತು. ಕೊನೆಗೆ ಬಂದು ಸೇರಿದವರು, ಇದು ಏತರ ಕ್ಯೂ ಎಂದು ಮುಂದಿನವರನ್ನು ಕೇಳಿದರು. "ಗೊತ್ತಿಲ್ಲ," ಎಂದರು ಅವರು. "ಆದರೆ ಬೇಗ ಬೇಗ ಮುಂದೆ ಹೋಗ್ತಿದೆ." ವೈನಿ ಒಬ್ಬೊಬ್ಬರದನ್ನೂ ಕಾಗದದಲ್ಲಿ ಕಟ್ಟಿ, ಮನೆಗೆ ಹೋಗಿ ಬೆಂಕಿಗೆ ಹಾಕಬೇಕೆಂದು ನನ್ನಿಂದ ಇಂಗ್ಲಿಷಿನಲ್ಲಿ ಹೇಳಿಸಿದರು.

ನನ್ನದನ್ನು ಬೆಂಕಿಗೆ ಹಾಕಲು ಅವರೇ ಸಂಜೆ ನನ್ನ ಫ್ಲ್ಯಾಟಿಗೆ ಬಂದರು. ಮೆಣಸಿನಕಾಯಿ ಸುಟ್ಟಾಗ ಘಾಟು ಏಳದಿದ್ದರೆ ದೃಷ್ಟಿಯಾಗಿತ್ತು ಎಂದರ್ಥ, ಘಾಟು ಎದ್ದರೆ ಏನೂ ಆಗಿಲ್ಲ ಎಂದರ್ಥ. ಇಲ್ಲಿ ಒಲೆ ಕರೆಂಟಿನದು. ರೊಟ್ಟಿ ಬೇಯಿಸುವ ಹಂಚು ಕೆಂಪಗೆ ಕಾಯಿಸಿ ಅದರ ಮೇಲೆ ಸುರಿದರು. ಎಂಥ ಘಾಟು ಎದ್ದಿತೆಂದರೆ ಇಬ್ಬರೂ ಕೆಮ್ಮುತ್ತ ಬಾಗಿಲು ತೆರೆದೆವು. ಹೊಗೆ ಕಾರಿಡಾರಿಗೆ ಹೋಯಿತು. ಇಡೀ ಕಟ್ಟಡದ ಅಲಾರಂ ಹೊಡೆದುಕೊಂಡಿತು. ನಾಲ್ಕು ಮಹಡಿಯ ಜನ ಕೋಟು ಎಳೆದುಕೊಳ್ಳುತ್ತ, ಒಬ್ಬರು ಮುಖದ ಅರ್ಧಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡೇ, ಕೆಳಗಿನ ಕಾರ್ ಪಾರ್ಕಿಗೆ ಇಳಿದರು.

"ಇಷ್ಟು ಘಾಟು ಎದ್ದದ ಅಂದ್ರ ಚಿಂತಿ ಇಲ್ಲವಾ," ಎಂದರು ವೈನಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನಿನಗ ಯಾರ ದೃಷ್ಟಿನೂ ತಗಲಿಲ್ಲ. ಇಷ್ಟು ವರ್ಷದಾಗ ನಿನ್ನ ಯಾರೂ ನೋಡೇ ಇಲ್ಲ." ಒಳ್ಳೆಯ ಸುದ್ದಿ ಎಂದು ಹೇಳಲು ಹೊರಟವರು ಅದೇ ಸೆರಗಿನಿಂದ ನನ್ನ ಕಣ್ಣನ್ನೂ ಒರೆಸಿದರು.

ಅಗ್ನಿಶಾಮಕದವರು ಬಂದು, ಮೇಲೆ ಹೋಗಿ, ಹಂಚನ್ನು ಇಕ್ಕಳದಲ್ಲಿ ಹಿಡಿದುಕೊಂಡು ಕೆಳಗೆ ತಂದರು. ಇದು ಯಾರದು ಎಂದು ಕೇಳಿದರು. ನಾನು ಕೈ ಎತ್ತಿದೆ. ಇಪ್ಪತ್ತಾರು ಜನ ಒಟ್ಟಿಗೆ ನನ್ನ ಮುಖ ನೋಡಿದರು. ನಾಚಿಕೆಯಿಂದ ಭೂಮಿಗೆ ಇಳಿದುಹೋಗಬೇಕಿತ್ತು. ಆಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಹಿತವಾಗಿಯೇ ಇತ್ತು.

ಶೇವಿಂಗ್ ನೊರೆಯವರು ಹತ್ತಿರ ಬಂದರು. "ಯಾವ ಫ್ಲ್ಯಾಟು ನಿಮ್ಮದು?"

"ಇಪ್ಪತ್ತೆರಡು."

"ನಾನು ಇಪ್ಪತ್ತಮೂರು. ನಿಮ್ಮ ಪಕ್ಕದ ಗೋಡೆ. ಅದು ಖಾಲಿ ಇದೆ ಅಂದ್ಕೊಂಡಿದ್ದೆ. ಹೊಸದಾಗಿ ಬಂದ್ರಾ?"

"ಏನಂತಾನವಾ?" ಎಂದರು ವೈನಿ. ಹೇಳಿದೆ.

ಒಂಬತ್ತು ವರ್ಷದಿಂದ ಅಲ್ಲೇ ಇದ್ದೇನೆಂದು ಅವರಿಗೆ ಹೇಳಲು ಬಾಯಿ ತೆರೆದೆ. ವೈನಿ ನನ್ನ ತೋಳು ಹಿಡಿದರು. "ಹೂಂ ಅನ್ನು," ಎಂದರು. "ಇವತ್ತ ಬಂದೀನಿ ಅನ್ನು."

ಹಾಗೆಯೇ ಹೇಳಿದೆ. ಅವರು ನನ್ನ ಕೈ ಕುಲುಕಿ, ಹೆಸರು ಕೇಳಿ, ಎರಡು ಸಲ ಅಂದು ನೋಡಿ ಸರಿಮಾಡಿಕೊಂಡು, ಕಸದ ಚೀಲ ಹೊರಗಿಡುವುದು ಗುರುವಾರ ಬೆಳಿಗ್ಗೆ, ಹೊಸಬರು ಸಾಮಾನ್ಯವಾಗಿ ಮರೆಯುತ್ತಾರೆ ಎಂದು ತಿಳಿಸಿಕೊಟ್ಟರು.